ಒಇಎಫ್ ಸಂಖ್ಯೆಯನ್ನು ಒಂಟಿಯಾಗಿ ಓದಬೇಡಿ: ವಯಸ್ಸಾದ ಮಿದುಳಿನ ಆಕ್ಸಿಜನ್ ಲೆಕ್ಕ

ವಯಸ್ಸಾದವರ ಮಿದುಳಿನ ಆಕ್ಸಿಜನ್ ಬಳಕೆ, ಅಲ್ಜೈಮರ್ಸ್‌ಗೆ ನಂಟಿರುವ ಜೀನ್, ಅರಿವಿನ ಪರೀಕ್ಷೆ: ಈ ಮೂರನ್ನು ಒಟ್ಟಿಗೆ ಓದುವಾಗ ನಾನು ಮಾಡಿಕೊಂಡ ಟಿಪ್ಪಣಿ ಇದು. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮಿದುಳು ಶೇ. 20ರಷ್ಟು ಆಕ್ಸಿಜನ್ ಬಳಸುತ್ತದೆ ಎಂಬುದು ಎಲ್ಲ ಪುಸ್ತಕಗಳಲ್ಲೂ ಇದೆ, ಅದನ್ನು ಬಿಡೋಣ. ತಲೆ ಕೆಡಿಸುವುದು ಮೂರು ಅಳತೆಗಳ ನಂಟು. ಸಿಬಿಎಫ್ ಎಂದರೆ ರಕ್ತದ ಹರಿವು. ಒಇಎಫ್ ಎಂದರೆ ಬಂದ ಆಕ್ಸಿಜನ್‌ನಲ್ಲಿ ಮಿದುಳು ಹೀರಿಕೊಂಡ ಪಾಲು. ಸಿಎಂಆರ್‌ಒ2 ಎಂದರೆ ಒಟ್ಟು ಬಳಕೆ.

ಸೂತ್ರ ಸುಲಭ: ಬಳಕೆ = ಹರಿವು × ರಕ್ತದಲ್ಲಿರುವ ಆಕ್ಸಿಜನ್ × ಒಇಎಫ್. ಆದರೆ ಒಇಎಫ್ ಒಂದು ಅನುಪಾತ. ಮೇಲಿನ ಅಂಕಿ (ಬಳಕೆ) ಬದಲಾಯಿತೋ ಕೆಳಗಿನದೋ (ಪೂರೈಕೆ) ಎಂದು ಅದು ಹೇಳುವುದಿಲ್ಲ. ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಇಲ್ಲೇ, ಹಾಗಾಗಿ ಲೆಕ್ಕವನ್ನು ಪೂರ್ತಿ ಬಿಡಿಸುತ್ತೇನೆ.

100 ಗ್ರಾಂ ಮಿದುಳಿಗೆ ನಿಮಿಷಕ್ಕೆ 50 ಮಿ.ಲೀ. ರಕ್ತ ಬರುತ್ತದೆ ಎನ್ನಿ. 100 ಮಿ.ಲೀ. ರಕ್ತದಲ್ಲಿ ಸುಮಾರು 20 ಮಿ.ಲೀ. ಆಕ್ಸಿಜನ್ ಇರುವುದರಿಂದ ಪೂರೈಕೆ 10 ಮಿ.ಲೀ. ಅದರಲ್ಲಿ 3.5 ಬಳಕೆಯಾದರೆ ಒಇಎಫ್ ಶೇ. 35.

ಈಗ ರಕ್ತನಾಳ ಕಿರಿದಾಗಿ ಹರಿವು 40ಕ್ಕೆ ಇಳಿಯಿತು, ನರಕೋಶಗಳ ಬೇಡಿಕೆ ಹಾಗೇ ಇದೆ. ಪೂರೈಕೆ 8, ಬಳಕೆ 3.5. ಒಇಎಫ್ ಸುಮಾರು ಶೇ. 44ಕ್ಕೆ ಏರುತ್ತದೆ. ಬಂದದ್ದು ಕಡಿಮೆಯಾದಾಗ ಮಿದುಳು ಹೆಚ್ಚು ಪಾಲು ಹಿಂಡಿಕೊಳ್ಳುತ್ತದೆ.

ಇನ್ನೊಬ್ಬರಲ್ಲಿ ಹರಿವು 50 ಇದೆ, ನರಕೋಶಗಳೇ ಸೊರಗಿ ಬಳಕೆ 2.8ಕ್ಕೆ ಬಂದಿದೆ. ಒಇಎಫ್ ಶೇ. 28. ಮರೆವಿನ ಕಾಯಿಲೆಯಾದ ಅಲ್ಜೈಮರ್ಸ್‌ನ ದಾರಿ ಹೆಚ್ಚಾಗಿ ಈ ಕಡೆಗೆ, ರಕ್ತನಾಳದ ಕಾಯಿಲೆಯದು ಹಿಂದಿನ ಕಡೆಗೆ.

ಮೂರನೆಯದೇ ತುಂಟ. ಹರಿವು 40, ಬಳಕೆ 2.8. ಭಾಗಿಸಿ ನೋಡಿ: ಶೇ. 35! ಆರೋಗ್ಯವಂತರ ಸಂಖ್ಯೆಯೇ. ವಯಸ್ಸಾದವರಲ್ಲಿ ಎರಡೂ ತೊಂದರೆ ಒಟ್ಟಿಗೆ ಇರುವುದು ಅಪರೂಪವಲ್ಲ. ಆದ್ದರಿಂದ ಒಇಎಫ್ ಕಂಡಲ್ಲೆಲ್ಲ ಪಕ್ಕದಲ್ಲಿ ಹರಿವು ಎಷ್ಟು ಎಂದು ಹುಡುಕಿ. ನನ್ನ ಟಿಪ್ಪಣಿಯಲ್ಲಿ ಇದಕ್ಕೆ ಕೆಂಪು ಗೆರೆ ಎಳೆದಿದ್ದೇನೆ.

ಇದಕ್ಕೆ ಅಂಟಿಕೊಂಡೇ ರಕ್ತಹೀನತೆ ಬರುತ್ತದೆ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಕ್ಸಿಜನ್ ಹೊರುತ್ತದೆ. 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ 15 ಗ್ರಾಂ ಇದ್ದವರಲ್ಲಿ 20 ಮಿ.ಲೀ. ಇದ್ದದ್ದು, 10 ಇದ್ದವರಲ್ಲಿ ಸುಮಾರು 13ಕ್ಕೆ ಬರುತ್ತದೆ. ಹರಿವು ಏರಿ ಸರಿದೂಗಿಸದಿದ್ದರೆ ರಕ್ತನಾಳ ಚೆನ್ನಾಗಿದ್ದರೂ ಒಇಎಫ್ ಮೇಲೇರುತ್ತದೆ.

ಅಳೆಯುವುದು ಹೇಗೆ? ಹಳೆಯ ದಾರಿ ವಿಕಿರಣ ಸೂಸುವ ಆಕ್ಸಿಜನ್-15 ಬಳಸುವ ಪೆಟ್ ಸ್ಕ್ಯಾನ್. ಆ ಆಕ್ಸಿಜನ್‌ನ ಅರ್ಧಾಯು ಸುಮಾರು 2 ನಿಮಿಷ, ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಹತ್ತಿರದಲ್ಲೇ ಬೇಕು. ಎಂಆರ್‌ಐನ ಟ್ರಸ್ಟ್ ವಿಧಾನಕ್ಕೆ ಅದು ಬೇಡ. ಆಕ್ಸಿಜನ್ ಕಳೆದುಕೊಂಡ ಹಿಮೋಗ್ಲೋಬಿನ್ ಅನುಕಾಂತೀಯ (ಕಾಂತಕ್ಷೇತ್ರದತ್ತ ಸ್ವಲ್ಪ ಸೆಳೆಯಲ್ಪಡುವಂಥದ್ದು), ಅದು ರಕ್ತದ ಟಿ2 ಅವಧಿಯನ್ನು, ಅಂದರೆ ಎಂಆರ್‌ಐ ಸಂಕೇತ ಕುಂದಲು ಹಿಡಿಯುವ ಸಮಯವನ್ನು, ಕಡಿಮೆ ಮಾಡುತ್ತದೆ. ತಲೆಯ ಮೇಲ್ಭಾಗದ ದೊಡ್ಡ ಸಿರೆಯಲ್ಲಿ ಟಿ2 ಅಳೆದರೆ ಮರಳುವ ರಕ್ತದಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಎಂದು ಸಿಗುತ್ತದೆ. ಆದರೆ ಅದು ಇಡೀ ಮಿದುಳಿಗೆ ಸೇರಿ ಒಂದು ಸರಾಸರಿ. ನೆನಪಿಗೆ ಮುಖ್ಯವಾದ ಹಿಪ್ಪೊಕ್ಯಾಂಪಸ್ ಬಗ್ಗೆ ಪ್ರತ್ಯೇಕವಾಗಿ ಏನೂ ತಿಳಿಯುವುದಿಲ್ಲ.

ಜೀನ್ ಭಾಗ ಚಿಕ್ಕದು. 19ನೇ ವರ್ಣತಂತುವಿನ ಎಪಿಒಇ ಜೀನ್‌ಗೆ ಎಪ್ಸಿಲಾನ್ 2, 3, 4 ಎಂಬ ಮೂರು ರೂಪ. 4ನೆಯದು ಅಲ್ಜೈಮರ್ಸ್ ಅಪಾಯ ಹೆಚ್ಚಿಸುತ್ತದೆ, ಎರಡು ಪ್ರತಿ ಇದ್ದರೆ ಇನ್ನೂ ಹೆಚ್ಚು. 2ನೆಯದು ರಕ್ಷಣೆಯ ಕಡೆಗೆ. 4ನೆಯದು ಇದ್ದವರಿಗೆಲ್ಲ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ. 1996ರಲ್ಲಿ ಸಂಶೋಧಕ ಎರಿಕ್ ರೈಮನ್ ತಂಡ, 4ನೆಯ ರೂಪದ ಎರಡು ಪ್ರತಿ ಇದ್ದ, ಮರೆವಿನ ಕಾಯಿಲೆ ಇನ್ನೂ ಕಾಣದ ನಡುವಯಸ್ಸಿನವರಲ್ಲೇ ಮಿದುಳಿನ ಕೆಲವು ಭಾಗಗಳ ಗ್ಲೂಕೋಸ್ ಬಳಕೆ ಕುಗ್ಗಿರುವುದನ್ನು ತೋರಿಸಿತು. ಗ್ಲೂಕೋಸ್ ಜೊತೆಗೆ ಆಕ್ಸಿಜನ್ ಬಳಕೆಯೂ ಕುಗ್ಗಿದರೆ ಒಇಎಫ್ ಇಳಿಯಬೇಕು. ಆದರೆ ಈ ರೂಪಕ್ಕೂ ಮಿದುಳಿನ ಸಣ್ಣ ರಕ್ತನಾಳಗಳ ದುರ್ಬಲತೆಗೂ ನಂಟಿದೆ, ಅದು ಒಇಎಫ್ ಅನ್ನು ಮೇಲಕ್ಕೆ ಎಳೆಯಬಹುದು. ಮೇಲಿನ ಮೂರನೇ ಲೆಕ್ಕ ಮತ್ತೆ ನೋಡಿ.

ಅರಿವಿನ ಪರೀಕ್ಷೆಯಲ್ಲಿ ಗಮನಿಸಬೇಕಾದದ್ದು ಆ ವ್ಯಕ್ತಿ ಎಷ್ಟು ಓದಿದ್ದಾರೆ ಎಂಬುದು. ನೆನಪು, ಗಮನ ಮುಂತಾದವನ್ನು ಅಳೆಯುವ 30 ಅಂಕಗಳ ಮೊಕಾ ಪರೀಕ್ಷೆ 12 ವರ್ಷ ಅಥವಾ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸುತ್ತದೆ. ಶಾಲೆಯನ್ನೇ ಕಾಣದವರಿಗೆ ಆ ಒಂದು ಅಂಕ ಎಲ್ಲಿಗೆ ಸಾಕು? ಒಮ್ಮೆ ಬಂದ ಅಂಕಕ್ಕಿಂತ, ಅದೇ ವ್ಯಕ್ತಿಯ ಅಂಕ ವರ್ಷಗಳಲ್ಲಿ ಎಷ್ಟು ಇಳಿಯಿತು ಎಂಬುದೇ ಮುಖ್ಯ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ನಡೆಸುತ್ತಿರುವ ಸ್ಯಾನ್ಸ್‌ಕಾಗ್ ಅಧ್ಯಯನ 45 ದಾಟಿದವರನ್ನು ಹೀಗೆಯೇ ಮತ್ತೆ ಮತ್ತೆ ಪರೀಕ್ಷಿಸುತ್ತದೆ, ಜೀನ್ ಮತ್ತು ಎಂಆರ್‌ಐ ಮಾಹಿತಿಯನ್ನೂ ಜೊತೆಗೆ ಕಲೆಹಾಕುತ್ತದೆ.