ಕೆಂಪು ಕ್ಯಾಪ್, ಆರೆಂಜ್ ಕ್ಯಾಪ್: ಇನ್ಸುಲಿನ್ ಮನೆಗೆ ಹೋದ ಮೇಲೆ

ವಾರ್ಡಲ್ಲಿ ಇನ್ಸುಲಿನ್ ಕೊಡೋಕೆ ಮುಂಚೆ ನಾವು ಇಬ್ರು ಸಿಸ್ಟರ್ಸ್ ನೋಡ್ತೀವಿ. ಒಬ್ರು ಸಿರಿಂಜಿಗೆ ಎಳೀತಾರೆ, ಇನ್ನೊಬ್ರು ಕೇಸ್ ಶೀಟ್ ಹಿಡ್ಕೊಂಡು ಪೇಷಂಟ್ ಹೆಸ್ರು, ಯಾವ ಇನ್ಸುಲಿನ್, ಎಷ್ಟು ಯೂನಿಟ್, ಊಟ ಬಂದಿದ್ಯಾ ಅಂತೆಲ್ಲಾ ಚೆಕ್ ಮಾಡ್ತಾರೆ. ಅದೇ ಔಷಧಿನ ಡಿಸ್ಚಾರ್ಜ್ ಆದ ದಿನ ಸಾಯಂಕಾಲದಿಂದ ಮನೇಲಿ ಒಬ್ರೇ ಕೊಡ್ಬೇಕು, ಆ ಒಬ್ರು ಕಣ್ಣು ಮಂಜಾಗಿರೋ ಅಜ್ಜಿ ಆಗಿರಬಹುದು, ಪಿಯುಸಿ ಓದೋ ಮೊಮ್ಮಗ ಆಗಿರಬಹುದು, ಹೊಲದಿಂದ ಬಂದು ಕೈ ತೊಳ್ಕೊಂಡು ಚುಚ್ಚೋ ಸೊಸೆ ಆಗಿರಬಹುದು. ಅವ್ರನ್ನ ಚೆಕ್ ಮಾಡೋಕೆ ಅಲ್ಲಿ ಯಾರೂ ಇರಲ್ಲ. ಹಾಗಾಗಿ ಬೆಡ್ ಪಕ್ಕ ನಾವು ಹೇಳಿಕೊಡೋ ಆ ಹತ್ತು ಹದಿನೈದು ನಿಮಿಷ ಇದ್ಯಲ್ಲ, ಅದು ಇಂಜೆಕ್ಷನ್ ಕೊಟ್ಟಷ್ಟೇ ದೊಡ್ಡ ಕೆಲ್ಸ ಅಂತ ನಾನು ನಂಬಿದೀನಿ.

ಆದ್ರೆ ಡಿಸ್ಚಾರ್ಜ್ ಟೈಮ್ ಹೇಗಿರತ್ತೆ ಅಂತ ನೋಡಿದವರಿಗೆ ಗೊತ್ತು. ಬಿಲ್ ಸೆಕ್ಷನ್ನಿಗೆ ಒಬ್ರು ಓಡ್ತಿರ್ತಾರೆ, ಕೊನೇ ಬಸ್ಸು ಹೋಗ್ಬಿಡತ್ತೆ ಅನ್ನೋ ಚಿಂತೆ, ಆ ಬೆಡ್ಡಿಗೆ ಕ್ಯಾಶುವಾಲ್ಟಿಯಿಂದ ಇನ್ನೊಬ್ರು ಬರೋಕೆ ರೆಡಿ ಇರ್ತಾರೆ. ಆ ಗಡಿಬಿಡಿಲಿ ಚೀಟಿ ಓದಿ ಹೇಳಿ, ತಿಳೀತಾ ಅಂತ ಕೇಳಿದ್ರೆ ಎಲ್ರೂ ಹೂಂ ಸಿಸ್ಟರ್ ಅಂತಾರೆ. ಆ ಹೂಂ ಅನ್ನೋದ್ರಿಂದ ನಮಗೆ ಏನೂ ಗೊತ್ತಾಗಲ್ಲ. ಮರ್ಯಾದೆಗೆ ಹೂಂ ಅಂತಾರೆ, ದಡ್ಡರು ಅನ್ಕೋತಾರೇನೋ ಅಂತ ಹೂಂ ಅಂತಾರೆ, ಬೇಗ ಮನೆಗೆ ಹೋದ್ರೆ ಸಾಕು ಅಂತ ಹೂಂ ಅಂತಾರೆ. ನಾನು ಕೇಳೋದು ಬೇರೆ ತರ. ಅಜ್ಜಿ, ಮನೇಲಿ ನಿಮ್ಮ ಸೊಸೆಗೆ ಇದನ್ನ ಹೇಗೆ ಹೇಳಿಕೊಡ್ತೀರಾ, ನಾನೇ ನಿಮ್ಮ ಸೊಸೆ ಅನ್ಕೊಳಿ, ಹೇಳಿ ನೋಡೋಣ. ಸಿರಿಂಜ್ ಅವರ ಕೈಗೇ ಕೊಟ್ಟು ಎಳೆಯೋಕೆ ಹೇಳ್ತೀನಿ. ಆಗ ಗೊತ್ತಾಗತ್ತೆ ಎಷ್ಟು ತಲುಪಿದೆ, ಎಲ್ಲಿ ತಪ್ಪಿದೆ ಅಂತ. ತಪ್ಪಿದ್ರೆ ನಾನು ಸರಿಯಾಗಿ ಹೇಳಿಲ್ಲ ಅನ್ಸತ್ತೆ, ಇನ್ನೊಂದ್ಸಲ ಹೇಳೋಣ ಇರಿ ಅಂತೀನಿ, ಅವರಿಗೂ ಮುಜುಗರ ಆಗಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ನಮ್ಮ ದೇಶದಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಸ್ಟ್ರೆಂಗ್ತಲ್ಲಿ ಸಿಗತ್ತೆ. ಬಾಟ್ಲಿಲಿ ಬರೋ ಇನ್ಸುಲಿನ್ ಬಹಳಷ್ಟು ಯು-40, ಅಂದ್ರೆ 1 ಎಂಎಲ್‌ನಲ್ಲಿ 40 ಯೂನಿಟ್. ಇನ್ಸುಲಿನ್ ಪೆನ್ನಿಗೆ, ಅಂದ್ರೆ ಪೆನ್ ತರ ಇರೋ ಇಂಜೆಕ್ಷನ್ನಿಗೆ, ಹಾಕೋ ಕಾರ್ಟ್ರಿಜ್ ಮತ್ತೆ ಕೆಲವು ಹೊಸ ಇನ್ಸುಲಿನ್ ಬಾಟ್ಲಿಗಳು ಯು-100, ಅಂದ್ರೆ 1 ಎಂಎಲ್‌ನಲ್ಲಿ 100 ಯೂನಿಟ್. ಸಿರಿಂಜೂ ಅದಕ್ಕೆ ತಕ್ಕ ಹಾಗೆ ಎರಡು ತರ, ಕೆಂಪು ಕ್ಯಾಪಿಂದು ಯು-40ಗೆ, ಆರೆಂಜ್ ಕ್ಯಾಪಿಂದು ಯು-100ಗೆ. ಬಾಟ್ಲಿ ಮೇಲೆ ಎಷ್ಟು ಬರೆದಿದ್ಯೋ ಸಿರಿಂಜ್ ಮೇಲೂ ಅಷ್ಟೇ ಇರ್ಬೇಕು. ಕೇಳೋಕೆ ಸುಲಭ, ಆದ್ರೆ ಮೆಡಿಕಲ್ ಶಾಪಲ್ಲಿ ಹೋಗಿ ಇನ್ಸುಲಿನ್ ಸೂಜಿ ಕೊಡಿ ಅಂದ್ರೆ ಕೈಗೆ ಸಿಕ್ಕಿದ್ದನ್ನ ಕೊಡೋರೂ ಇದಾರೆ, ತಗೊಳೋರಿಗೆ ಎರಡಕ್ಕೂ ವ್ಯತ್ಯಾಸ ಇದೆ ಅಂತಾನೇ ಗೊತ್ತಿರಲ್ಲ.

ಇದ್ರಿಂದ ಏನಾಗತ್ತೆ ಅಂತ ಒಬ್ರು ಅಜ್ಜಿ ವಿಷಯದಲ್ಲಿ ನೋಡಿದ್ದು ಹೇಳ್ತೀನಿ. ಅವರಿಗೆ ಬೆಳಗ್ಗೆ 20 ಯೂನಿಟ್ ಬರ್ಕೊಟ್ಟಿದ್ರು, ಬಾಟ್ಲಿ ಯು-40, ಆದ್ರೆ ಅಂಗಡಿಯಲ್ಲಿ ಕೊಟ್ಟಿದ್ದು ಆರೆಂಜ್ ಕ್ಯಾಪ್ ಸಿರಿಂಜ್. ಮಗ ಪಾಪ 20 ಅಂತ ಬರೆದಿರೋ ಗೆರೆ ತನಕ ಕರೆಕ್ಟಾಗೇ ಎಳೀತಿದ್ದ. ಆ ಸಿರಿಂಜಲ್ಲಿ 20ರ ಗೆರೆ ಅಂದ್ರೆ 0.2 ಎಂಎಲ್, ಯು-40 ಬಾಟ್ಲಿಯಿಂದ ಅಷ್ಟು ಎಳೆದ್ರೆ ಒಳಗೆ ಹೋಗೋದು ಬರೀ 8 ಯೂನಿಟ್. ಶುಗರ್ ಇಳೀಲೇ ಇಲ್ಲ. ಮುಂದಿನ ಸಲ ತೋರಿಸ್ದಾಗ ಡಾಕ್ಟ್ರು ಡೋಸ್ ಜಾಸ್ತಿ ಮಾಡಿ 30 ಮಾಡಿದ್ರು, ಅದೂ ನಿಜವಾಗಿ ಹೋಗ್ತಿದ್ದಿದ್ದು 12. ಆಮೇಲೆ ಒಂದಿನ ಸಿರಿಂಜ್ ಖಾಲಿ ಆಯ್ತು, ಬೇರೆ ಅಂಗಡಿಯಲ್ಲಿ ತಗೊಂಡ್ರು, ಅಲ್ಲಿ ಕೆಂಪು ಕ್ಯಾಪಿಂದು ಕೊಟ್ರು, ಅಂದ್ರೆ ಸರಿಯಾದ್ದೇ. ಅವತ್ತು ಮೊದಲನೇ ಸಲ ಪೂರ್ತಿ 30 ಯೂನಿಟ್ ಒಳಗೆ ಹೋಯ್ತು. ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಬೆವೆತು ಒದ್ದೆಯಾಗಿ, ಕರೆದ್ರೆ ಓಗೊಡದ ಸ್ಥಿತಿಲಿ ಬಂದ್ರು. ಬದುಕಿಕೊಂಡ್ರು. ಮಗ ಬರೆದಷ್ಟೇ ಕೊಟ್ಟಿದ್ದ, ಡಾಕ್ಟ್ರು ಶುಗರ್ ನೋಡಿ ಡೋಸ್ ಏರಿಸಿದ್ರು, ಯಾರೂ ಬೇಕಂತ ಅಸಡ್ಡೆ ಮಾಡಿರ್ಲಿಲ್ಲ, ಆದ್ರೆ ಆ ಸಿರಿಂಜನ್ನ ತೋರಿಸಿ ಅಂತ ನಡುವೆ ಯಾರೂ ಕೇಳಿರ್ಲಿಲ್ಲ.

ಅದಕ್ಕೇ ಶುಗರ್ ಕಂಟ್ರೋಲ್ ಆಗ್ತಿಲ್ಲ ಅಂತ ಯಾರೇ ಬಂದ್ರೂ ಮೊದ್ಲು ಮನೇಲಿ ಉಪಯೋಗಿಸೋ ಬಾಟ್ಲಿ, ಸಿರಿಂಜ್ ಎರಡನ್ನೂ ತರಿಸಿ ನೋಡಿ ಅಂತ ಹೊಸ ಸ್ಟಾಫಿಗೆ ಹೇಳ್ತಾನೇ ಇರ್ತೀನಿ. ಡೋಸ್ ಏರಿಸೋ ಮಾತು ಆಮೇಲೆ. ಇನ್ನೊಂದು, 1 ಎಂಎಲ್ ಆರೆಂಜ್ ಸಿರಿಂಜಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಗೆರೆಗೆ 2 ಯೂನಿಟ್, ಕೆಂಪು ಸಿರಿಂಜಲ್ಲಿ ಒಂದು ಗೆರೆಗೆ 1 ಯೂನಿಟ್. ಓದೋಕೆ ಬರದವರು ಗೆರೆ ಎಣಿಸ್ತಾರೆ, ಹಾಗಾಗಿ ಅವರಿಗೆ ಒಂದೇ ತರದ ಸಿರಿಂಜ್ ಅಭ್ಯಾಸ ಮಾಡಿಸಿ, ಖಾಲಿ ಸಿರಿಂಜೊಂದನ್ನ ಸ್ಯಾಂಪಲ್ ಅಂತ ಕೊಟ್ಟು ಅಂಗಡಿಗೆ ಅದನ್ನ ತೋರಿಸಿಯೇ ತಗೊಳಿ ಅಂತ ಹೇಳೋದು ಒಳ್ಳೇದು. ಪೆನ್ ಕೆಟ್ಟೋಯ್ತು ಅಂತ ಕಾರ್ಟ್ರಿಜ್ಜಿಗೆ ಕೆಂಪು ಸಿರಿಂಜ್ ಚುಚ್ಚಿ ಎಳೆಯೋದು ಮಾತ್ರ ದಯವಿಟ್ಟು ಬೇಡ, 10ರ ಗೆರೆ ತನಕ ಎಳೆದ್ರೆ 25 ಯೂನಿಟ್ ಹೋಗತ್ತೆ.

ಬರೆಯೋದ್ರಲ್ಲೂ ಒಂದು ಅಪಾಯ ಇದೆ. ಇಂಗ್ಲಿಷಲ್ಲಿ 10 ಪಕ್ಕ ಯು ಅಂತ ಗೀಚಿದ್ರೆ ಆ ಯು ಸೊನ್ನೆ ತರ ಕಂಡು 100 ಅಂತ ಓದ್ಕೊಳೋ ಚಾನ್ಸ್ ಇದೆ, ಇದು ಜಗತ್ತಿನಲ್ಲೆಲ್ಲಾ ಗೊತ್ತಿರೋ ತಪ್ಪು. ಅದಕ್ಕೆ ಯೂನಿಟ್ ಅಂತ ಪೂರ್ತಿ ಬರೀಬೇಕು, ಮನೆಯವರಿಗೆ ಕೊಡೋ ಚೀಟಿಲಂತೂ ಕನ್ನಡದಲ್ಲೇ ಬೆಳಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ 20 ಯೂನಿಟ್, ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ 10 ಯೂನಿಟ್ ಅಂತ ದೊಡ್ಡದಾಗಿ ಬರೆದ್ರೆ ಏನೂ ಕಳ್ಕೊಳಲ್ಲ. 30/70 ಇನ್ಸುಲಿನ್, ಅಂದ್ರೆ ಬೇಗ ಕೆಲ್ಸ ಮಾಡೋದು ನಿಧಾನಕ್ಕೆ ಮಾಡೋದು ಎರಡೂ ಬೆರೆಸಿರೋದು, ತಗೊಳೋರಿಗೆ ಆ ಅರ್ಧ ಗಂಟೆ ಮುಖ್ಯ. ಚುಚ್ಕೊಂಡು ಹಾಲು ಕರೆಯೋಕೆ ಹೋಗಿ ತಿಂಡಿ ಮರೆತವರು, ಸಂಕಷ್ಟಿ ಅಂತ ಚಂದ್ರ ಕಾಣೋ ತನಕ ಏನೂ ತಿನ್ನದೆ ಇಂಜೆಕ್ಷನ್ ಮಾತ್ರ ತಗೊಂಡವರು ನಮ್ಮಲ್ಲಿ ಬರ್ತಾನೇ ಇರ್ತಾರೆ. ಉಪವಾಸ ಮಾಡ್ಬೇಡಿ ಅಂತ ಗದರಿದ್ರೆ ಅವರು ನಮಗೆ ಹೇಳೋದನ್ನ ಬಿಡ್ತಾರೆ ಅಷ್ಟೇ. ಏಕಾದಶಿ ಇರ್ಲಿ, ರಂಜಾನ್ ಇರ್ಲಿ, ಮುಂಚೇನೇ ಡಾಕ್ಟ್ರ ಹತ್ರ ಹೋಗಿ ಆ ದಿನಕ್ಕೆ ಡೋಸ್ ಎಷ್ಟು, ಯಾವಾಗ ಅಂತ ಬರೆಸ್ಕೊಂಡು ಬನ್ನಿ ಅಂತ ಹೇಳಿ, ನಾನೂ ಹಾಗೇ ಹೇಳೋದು.

ಶುಗರ್ ಇಳಿದಾಗ ಏನು ಮಾಡ್ಬೇಕು ಅನ್ನೋದನ್ನ ಪೇಷಂಟಿಗೆ ಮಾತ್ರ ಹೇಳಿದ್ರೆ ಸಾಲಲ್ಲ, ಆ ಹೊತ್ತಲ್ಲಿ ಅವರಿಗೆ ಬುದ್ಧಿ ಓಡ್ತಿರಲ್ಲ, ಪಕ್ಕದಲ್ಲಿರೋರಿಗೆ ಗೊತ್ತಿರ್ಬೇಕು. ಬೆವರು, ಕೈ ನಡುಕ, ಎದೆ ಡವಡವ, ಸಿಕ್ಕಾಪಟ್ಟೆ ಹಸಿವು, ಮಾತು ತೊದಲೋದು, ಸುಮ್ಸುಮ್ನೆ ಸಿಟ್ಟು. ಬಿಪಿಗೋ ಹಾರ್ಟಿಗೋ ಅಂತ ಅಟೆನೊಲಾಲ್, ಮೆಟೊಪ್ರೊಲಾಲ್ ತರದ ಮಾತ್ರೆ ತಗೊಳೋರಲ್ಲಿ ನಡುಕ, ಡವಡವ ಕಾಣದೇನೇ ಇರಬಹುದು, ಬೆವರೇ ಮುಖ್ಯ ಸುಳಿವು. ಗ್ಲೂಕೋಮೀಟರಲ್ಲಿ 70ಕ್ಕಿಂತ ಕಮ್ಮಿ ಇದ್ರೆ, ಅಥವಾ ಮೀಟರ್ ಇಲ್ದೇ ಅನುಮಾನ ಬಂದ್ರೂ ಸರಿ, ಮೂರು ಟೀ ಚಮಚ ಸಕ್ಕರೆನ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲ ಅಂದ್ರೆ ಇನ್ನೊಂದ್ಸಲ ಕೊಡಿ, ಏರಿದ ಮೇಲೆ ಊಟ ಮಾಡಿಸಿ. ಚಾಕ್ಲೇಟು, ಬಿಸ್ಕೆಟ್ಟು ನಿಧಾನ ಆಗತ್ತೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರೋ ಮಾತ್ರೆ ತಗೊಳೋರಿಗೆ ಸಕ್ಕರೆನೂ ನಿಧಾನವೇ, ಯಾಕಂದ್ರೆ ಆ ಮಾತ್ರೆ ಕರುಳಲ್ಲಿ ಸಕ್ಕರೆ ಒಡೆಯೋದನ್ನೇ ತಡೆಯತ್ತೆ, ಅವರ ಮನೇಲಿ ಗ್ಲೂಕೋಸ್ ಪುಡಿನೇ ಇರ್ಬೇಕು. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಒಂದು ತೊಟ್ಟೂ ಹಾಕ್ಬೇಡಿ, ಶ್ವಾಸಕೋಶಕ್ಕೆ ಇಳಿಯತ್ತೆ. ಒಂದ್ ಕಡೆ ಮಗ್ಗುಲಾಗಿ ಮಲಗ್ಸಿ 108ಕ್ಕೆ ಫೋನ್ ಮಾಡಿ.

ಮಾತ್ರೆ ವಿಷಯ ಚಿಕ್ಕದಾಗಿ. ಇನ್ಸುಲಿನ್ ಶುರು ಮಾಡಿದ ಮೇಲೆ ಹಳೇ ಶುಗರ್ ಮಾತ್ರೆ ನಿಲ್ಲಿಸ್ಬೇಕಾ ಮುಂದುವರೆಸ್ಬೇಕಾ ಅಂತ ಒಂದೊಂದೇ ಸ್ಟ್ರಿಪ್ ತೋರಿಸಿ ಕೇಳಿ. ಮನೇಲಿ ಹಳೇ ಬ್ರ್ಯಾಂಡಿನ ಗ್ಲಿಮೆಪಿರೈಡ್ ಅರ್ಧ ಸ್ಟ್ರಿಪ್ ಇರತ್ತೆ, ಜನೌಷಧಿ ಕೇಂದ್ರದಿಂದ ತಂದಿದ್ರಲ್ಲಿ ಗ್ಲಿಮೆಪಿರೈಡ್ ಅಂತಾನೇ ದೊಡ್ಡದಾಗಿ ಬರೆದಿರತ್ತೆ, ಕವರ್ ಬೇರೆ, ಬಣ್ಣ ಬೇರೆ, ಎರಡು ಬೇರೆ ಬೇರೆ ಔಷಧಿ ಅನ್ಕೊಂಡು ಎರಡನ್ನೂ ನುಂಗ್ತಾರೆ. ಜನೌಷಧಿ ಮಾತ್ರೆ ಒಳ್ಳೇದೇ, ಖರ್ಚೂ ಎಷ್ಟೋ ಉಳಿಯತ್ತೆ, ತೊಂದ್ರೆ ಇರೋದು ಹಳೇದನ್ನ ಡಬ್ಬಿಯಿಂದ ತೆಗೆಯದೇ ಇರೋದ್ರಲ್ಲಿ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧ ಸುರಕ್ಷತೆ ಬಗ್ಗೆ ಅಭಿಯಾನ ಶುರು ಮಾಡ್ದಾಗ ಗಮನ ಕೊಡಿ ಅಂತ ಹೇಳಿದ ಮೂರು ಜಾಗದಲ್ಲಿ ಒಂದು, ಒಬ್ರ ಆರೈಕೆಯಿಂದ ಇನ್ನೊಬ್ರ ಆರೈಕೆಗೆ ಹೋಗೋ ಹೊತ್ತು. ಇನ್ನೊಂದು, ಒಬ್ರಿಗೇ ತುಂಬಾ ಔಷಧಿ ಇರೋದು. ನಮ್ಮ ಡಿಸ್ಚಾರ್ಜ್ ದಿನ ಎರಡೂ ಒಟ್ಟಿಗೇ ಇರ್ತವೆ.

ಚುಚ್ಚೋ ಜಾಗದ ಬಗ್ಗೆ ಹೇಳ್ಲೇಬೇಕು. ಹೊಕ್ಕಳ ಸುತ್ತ ಎರಡು ಇಂಚು ಬಿಟ್ಟು ಹೊಟ್ಟೆ, ತೊಡೆಯ ಹೊರಭಾಗ, ಇವೆರಡು ಸಾಕು. ಎಷ್ಟೋ ಜನ ಒಂದೇ ಜಾಗಕ್ಕೆ ಚುಚ್ಕೋತಾರೆ, ಯಾಕಂದ್ರೆ ಅಲ್ಲಿ ನೋವೇ ಆಗಲ್ಲ. ನೋವಾಗ್ದೇ ಇರೋಕೆ ಕಾರಣ ಚರ್ಮದ ಕೆಳಗೆ ಕೊಬ್ಬು ಗಂಟು ಕಟ್ಟಿರೋದು, ಅಲ್ಲಿಂದ ಇನ್ಸುಲಿನ್ ಒಂದಿನ ಹೀರತ್ತೆ ಒಂದಿನ ಹೀರಲ್ಲ. ಬೆರಳಿಂದ ಹೊಟ್ಟೆ ಸವರಿದ್ರೆ ಆ ಗಂಟು ಕೈಗೆ ಸಿಗತ್ತೆ, ನಾನು ಪೇಷಂಟ್ ಬೆರಳನ್ನೇ ಹಿಡಿದು ಅಲ್ಲಿ ಇಡಿಸ್ತೀನಿ, ಆಮೇಲೆ ಅವರು ಮರೆಯಲ್ಲ. ಗಂಟಿನ ಜಾಗ ಬಿಟ್ಟು ಹೊಸ ಜಾಗಕ್ಕೆ ಶುರು ಮಾಡೋವಾಗ ಅದೇ ಡೋಸಿಗೆ ಶುಗರ್ ಜಾಸ್ತಿ ಇಳೀಬಹುದು, ಅದಕ್ಕೆ ಡಾಕ್ಟ್ರಿಗೆ ಹೇಳಿ, ಕೆಲವು ದಿನ ಶುಗರ್ ಚೆಕ್ ಮಾಡ್ತಾ ಬದಲಾಯಿಸ್ಬೇಕು.

ಇನ್ನು ಇಡೋದು. ತೆರೆಯದ ಬಾಟ್ಲಿ ಫ್ರಿಜ್ಜಲ್ಲಿ 2ರಿಂದ 8 ಡಿಗ್ರಿ, ಫ್ರೀಜರಲ್ಲಿ ಬೇಡವೇ ಬೇಡ, ಒಂದ್ಸಲ ಗಟ್ಟಿಯಾದ್ರೆ ಕರಗಿದ್ರೂ ಉಪಯೋಗಕ್ಕೆ ಬರಲ್ಲ. ತೆರೆದ ಬಾಟ್ಲಿ ಸಾಮಾನ್ಯವಾಗಿ ನಾಕು ವಾರ, ಅದಕ್ಕೆ ತೆರೆದ ತಾರೀಖನ್ನ ಬಾಟ್ಲಿ ಮೇಲೇ ಪೆನ್ನಲ್ಲಿ ಬರೀರಿ. ಫ್ರಿಜ್ ಇಲ್ದಿದ್ರೆ, ಅಥವಾ ಕರೆಂಟ್ ಪದೇ ಪದೇ ಹೋಗೋ ಊರಾದ್ರೆ, ದೊಡ್ಡ ಮಡಕೆ ಒಳಗೆ ಒದ್ದೆ ಮರಳು ಹಾಕಿ ಅದರಲ್ಲೊಂದು ಚಿಕ್ಕ ಮಡಕೆ ಇಟ್ಟು, ಬಾಟ್ಲಿನ ಪ್ಲಾಸ್ಟಿಕ್ ಡಬ್ಬಿಲಿ ಹಾಕಿ ಅದರೊಳಗೆ ಇಟ್ಟು ಮುಚ್ಚಿ, ನೆರಳಲ್ಲಿ ಗಾಳಿಯಾಡೋ ಕಡೆ ಇಡಿ. ಬೇಸಿಗೇಲಿ ಕಲಬುರಗಿ, ರಾಯಚೂರು ಕಡೆಯ ಮನೆಗಳಲ್ಲಿ ಇದು ಬೇಕೇ ಬೇಕು. ಹಾಲಿನ ತರ ಮಸುಕಾಗಿರೋ ಇನ್ಸುಲಿನ್ ಆದ್ರೆ ಎಳೆಯೋ ಮುಂಚೆ ಅಂಗೈಗಳ ನಡುವೆ ಹತ್ತು ಇಪ್ಪತ್ತು ಸಲ ಮೆತ್ತಗೆ ಉರುಳಿಸಿ, ಕುಲುಕ್ಬೇಡಿ. ಉರುಳಿಸಿದ ಮೇಲೂ ಚೂರುಚೂರು ತೇಲ್ತಿದ್ರೆ ಆ ಬಾಟ್ಲಿ ಬಿಸಾಕಿ. ನೀರಿನ ತರ ತಿಳಿಯಾಗಿರ್ಬೇಕಾದ ಇನ್ಸುಲಿನ್ ಮಸುಕಾದ್ರೂ ಅಷ್ಟೇ.

ಉಪಯೋಗಿಸಿದ ಸೂಜಿನ ಕಸದ ಕವರಿಗೆ ಹಾಕಿದ್ರೆ ಬೆಳಗ್ಗೆ ಬರೋ ಪೌರಕಾರ್ಮಿಕರ ಕೈಗೆ ಚುಚ್ಚತ್ತೆ. ದಪ್ಪ ಪ್ಲಾಸ್ಟಿಕ್ ಡಬ್ಬಿಗೆ, ಫಿನಾಯಿಲ್ ಕ್ಯಾನ್ ತರದ್ದು, ಸೂಜಿ ಹಾಕ್ತಾ ಹೋಗಿ ಮುಚ್ಚಳ ಟೈಟ್ ಮಾಡಿಡಿ, ಮುಕ್ಕಾಲು ತುಂಬಿದಾಗ ಮುಂದಿನ ಸಲ ತೋರಿಸೋಕೆ ಬರೋವಾಗ ತಗೊಂಡ್ ಬನ್ನಿ, ವಾರ್ಡಲ್ಲೋ ಇಂಜೆಕ್ಷನ್ ರೂಮಲ್ಲೋ ಕೇಳಿದ್ರೆ ಎಲ್ಲಿ ಕೊಡ್ಬೇಕು ಅಂತ ಸಿಸ್ಟರ್ ಹೇಳ್ತಾರೆ.