ಬಸ್ ಮುಷ್ಕರ, ಎಸ್ಮಾ ಮತ್ತು 38 ತಿಂಗಳ ಹಿಂಬಾಕಿ

ಸಾರಿಗೆ ನೌಕರರು ಮುಷ್ಕರ ಎಂದ ಕೂಡಲೇ ಎಸ್ಮಾ, ಅಂದರೆ ಅಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸಲು ಸರ್ಕಾರಕ್ಕೆ ಅಧಿಕಾರ ಕೊಡುವ ಕಾಯ್ದೆ, ಎಂಬ ಮಾತು ಬರುತ್ತದೆ. ಬಸ್ಸು ನಿಂತರೆ ಕಷ್ಟ ಪಡುವವರು ಕಾರಿಲ್ಲದವರೇ: ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳು, ಡಯಾಲಿಸಿಸ್‌ಗೆ ಜಿಲ್ಲಾಸ್ಪತ್ರೆಗೆ ಬರುವ ರೋಗಿಗಳು. ಆದರೆ ಮುಷ್ಕರದ ಹಂತಕ್ಕೆ ವಿವಾದ ಬಂದದ್ದಾದರೂ ಹೇಗೆ?

1947ರ ಕೈಗಾರಿಕಾ ವಿವಾದ ಕಾಯ್ದೆ ಸಾರ್ವಜನಿಕ ಉಪಯುಕ್ತ ಸೇವೆಗಳಲ್ಲಿ ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕಡ್ಡಾಯ ಮಾಡಿತು. ಸಂಧಾನ ನಡೆಯುತ್ತಿರುವಾಗ ಮುಷ್ಕರ ಕೂಡದು ಎಂದಿತು. 1968ರಲ್ಲಿ ಕೇಂದ್ರ ನೌಕರರ ಮುಷ್ಕರದ ಹೊತ್ತಿಗೆ ಎಸ್ಮಾ ಬಂತು, 1974ರಲ್ಲಿ ರೈಲ್ವೆ ಮುಷ್ಕರವನ್ನು ಬಂಧನಗಳಿಂದ ಹತ್ತಿಕ್ಕಲಾಯಿತು. ತಮಿಳುನಾಡಿನಲ್ಲಿ ಲಕ್ಷಕ್ಕೂ ಹೆಚ್ಚು ನೌಕರರ ವಜಾ ಪ್ರಕರಣ ಬಂದಾಗ, ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಿಲ್ಲ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕರ್ನಾಟಕದ ನಮ್ಮ ಸಾರಿಗೆ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆಯಾಗುವುದು ವಾಡಿಕೆ. 2016ರಲ್ಲಿ ಮೂರು ದಿನ ಬಸ್ಸು ನಿಂತ ಮೇಲೆ ಶೇ 12.5ರಷ್ಟು ಏರಿಕೆ ಸಿಕ್ಕಿತು. ಮುಂದಿನ ಸರದಿ 2020ರ ಜನವರಿ. ಅಷ್ಟರಲ್ಲಿ ಕೋವಿಡ್ ಬಂತು, ಆದಾಯ ನಿಂತಿತು. ಸರ್ಕಾರದ ಆ ಕಷ್ಟ ನಿಜವೇ. ಆದರೆ ಅದೇ ಕಾಲದಲ್ಲಿ ಡ್ಯೂಟಿ ಮಾಡಿದ ಚಾಲಕ, ನಿರ್ವಾಹಕರಿಗೂ ಸೋಂಕು ತಗುಲಿತು. ಆ ಡಿಸೆಂಬರ್‌ನಲ್ಲಿ, ತಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಿ ಎಂದು ಅವರು ಬಸ್ ನಿಲ್ಲಿಸಿದರು. ಭರವಸೆಗಳ ಮೇಲೆ ಕೆಲಸಕ್ಕೆ ಮರಳಿದವರು 2021ರ ಏಪ್ರಿಲ್ 7ರಂದು ಆರನೇ ವೇತನ ಆಯೋಗದ ಸಂಬಳ ಕೇಳಿ ಮತ್ತೆ ಇಳಿದರು. ಸರ್ಕಾರಿ ನಿಲ್ದಾಣಗಳಿಗೆ ಖಾಸಗಿ ಬಸ್ಸುಗಳು ಬಂದವು. ಯುಗಾದಿಯ ಹಿಂದಿನ ದಿನ ನೌಕರರ ಮನೆಯವರು ತಟ್ಟೆ-ಲೋಟ ಬಡಿದು ಬೀದಿಗೆ ಬಂದರು. ಹೈಕೋರ್ಟ್ ಸೂಚನೆಯ ನಂತರ ಏಪ್ರಿಲ್ 21ಕ್ಕೆ ಎಲ್ಲ ಮುಗಿಯಿತು. ಉಳಿದದ್ದು ವಜಾ, ಅಮಾನತು, ವರ್ಗಾವಣೆ; ಅವುಗಳ ಕೇಸುಗಳಿಗಾಗಿ ವರ್ಷಗಟ್ಟಲೆ ಅಲೆದಾಟ.

ಕೊನೆಗೆ ಶೇ 15ರ ಏರಿಕೆ ಬಂದದ್ದು 2023ರ ಮಾರ್ಚ್‌ನಿಂದ. ನಡುವಿನ 38 ತಿಂಗಳ ಹಿಂಬಾಕಿಯೇ 2025ರ ಆಗಸ್ಟ್ 5ರ ಮುಷ್ಕರದ ಮೂಲ. ಹೈಕೋರ್ಟ್ ಹಿಂದಿನ ದಿನವೇ ತಡೆ ನೀಡಿತ್ತು; ಆದರೂ ಶುರುವಾದ ಮುಷ್ಕರ ಒಂದೇ ದಿನಕ್ಕೆ ನಿಂತಿತು. ಆ ಹೊತ್ತಿಗೆ 2024ರ ಪರಿಷ್ಕರಣೆಯೂ ಬಾಕಿ ಬಿದ್ದಿತ್ತು. ಈ ಅವಧಿಯಲ್ಲಿ ಸರ್ಕಾರಗಳು ಬದಲಾದವು, ತಡ ಮಾತ್ರ ಬದಲಾಗಲಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಮಿತಿಗಳು ಹೇಳುತ್ತ ಬಂದಿರುವುದು ಇಷ್ಟು: ಮುಷ್ಕರದ ಹಕ್ಕು ಕಿತ್ತುಕೊಂಡರೆ ಬದಲಿಗೆ ನಿಷ್ಪಕ್ಷಪಾತವಾದ, ಬೇಗ ಮುಗಿಯುವ, ಎರಡೂ ಕಡೆಗೆ ಅನ್ವಯವಾಗುವ ಮಧ್ಯಸ್ಥಿಕೆ ವ್ಯವಸ್ಥೆ ಕೊಡಬೇಕು. ನಮ್ಮಲ್ಲಿ ಮೊದಲರ್ಧ ಜಾರಿಯಲ್ಲಿದೆ. ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ನೋಟಿಸ್ ನಿಯಮ ಎಲ್ಲ ಉದ್ಯಮಗಳಿಗೂ ಹಬ್ಬಿದೆ. ಅರ್ಧದಷ್ಟು ಕಾರ್ಮಿಕರು ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಅವಧಿ ಮುಗಿದ ವೇತನ ಒಪ್ಪಂದವನ್ನು ಎಷ್ಟು ದಿನದೊಳಗೆ ನವೀಕರಿಸಬೇಕು ಎಂಬ ಗಡುವು ಮಾತ್ರ ಅದರಲ್ಲೂ ಇಲ್ಲ.