ಪಾಠವನ್ನು ಇಟ್ಟುಕೊಳ್ಳುವ ಹಕ್ಕು

ಕೋವಿಡ್ ಸಾಂಕ್ರಾಮಿಕದಿಂದಾಗಿ 2020ರ ಏಪ್ರಿಲ್ ಹೊತ್ತಿಗೆ ಜಗತ್ತಿನ ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ದಾಖಲಾಗಿದ್ದವರ ಪೈಕಿ ಶೇ. 90ಕ್ಕೂ ಹೆಚ್ಚು ಮಂದಿ, ಅಂದರೆ ಯುನೆಸ್ಕೊ ಲೆಕ್ಕದಂತೆ 150 ಕೋಟಿಗೂ ಮೀರಿದ ವಿದ್ಯಾರ್ಥಿಗಳು, ತರಗತಿಯಿಂದ ಹೊರಗುಳಿದಿದ್ದರು. ಆ ವಾರಗಳಲ್ಲಿ ಹಲವು ಪ್ರಕಾಶನ ಸಂಸ್ಥೆಗಳೂ ತಂತ್ರಾಂಶ ಕಂಪನಿಗಳೂ ತಮ್ಮ ಪುಸ್ತಕ, ವಿಡಿಯೊ, ಅಭ್ಯಾಸದ ಹಾಳೆಗಳನ್ನು ಶುಲ್ಕವಿಲ್ಲದೆ ತೆರೆದಿಟ್ಟವು. ಅದರಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಅಂಥ ಕೊಡುಗೆಗಳಲ್ಲಿ ಬಹುಪಾಲಿಗೆ ಒಂದು ಗಡುವು ಇತ್ತು. ಗಡುವು ಮುಗಿದ ಮೇಲೆ ಅದೇ ಕೊಂಡಿಯನ್ನು ಒತ್ತಿದವರಿಗೆ ಹಣ ಕೇಳುವ ಪುಟ ಕಾಣಿಸಿಕೊಂಡಿತು. ಆ ಪುಸ್ತಕವನ್ನು ನಂಬಿ ಪಾಠದ ಯೋಜನೆ ಬರೆದುಕೊಂಡಿದ್ದ ಶಿಕ್ಷಕರ ಕೈಯಲ್ಲಿ ಏನೂ ಉಳಿಯಲಿಲ್ಲ. ಉಚಿತ ಮತ್ತು ಮುಕ್ತ ಎಂಬೆರಡು ಪದಗಳ ನಡುವಿನ ಅಂತರವನ್ನು ಸಂಶೋಧಕರು ಎರಡು ದಶಕಗಳಿಂದ ವಿವರಿಸುತ್ತ ಬಂದಿದ್ದರೂ ಅದು ಎಲ್ಲರ ಅನುಭವಕ್ಕೆ ಬಂದದ್ದು ಆಗಲೇ.

ಈ ಅಂತರ ಸ್ಪಷ್ಟವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ತನ್ನ ಕೋರ್ಸುಗಳ ಸಾಮಗ್ರಿಯನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡುವುದಾಗಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2001ರಲ್ಲಿ ಪ್ರಕಟಿಸಿತು. ಮರುವರ್ಷ ಜುಲೈಯಲ್ಲಿ ಯುನೆಸ್ಕೊ ಕರೆದ ಸಭೆಯಲ್ಲಿ ಇಂಥ ಸಾಮಗ್ರಿಗೆ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರು ಸಿಕ್ಕಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ಮೊದಲ ಪರವಾನಗಿಗಳು ಹೊರಬಂದವು. ಹಕ್ಕುಸ್ವಾಮ್ಯ ಲೇಖಕರಲ್ಲೇ ಉಳಿದಿರುವಾಗ, ಬೇರೆಯವರು ಏನೇನು ಮಾಡಬಹುದು ಎಂಬುದನ್ನು ಮೊದಲೇ ಬರೆದುಕೊಟ್ಟುಬಿಡುವುದು ಈ ಪರವಾನಗಿಗಳ ಕೆಲಸ. ಕೇಳಿಕೊಂಡು ಪತ್ರ ಬರೆಯಬೇಕಿಲ್ಲ, ಉತ್ತರಕ್ಕೆ ಕಾಯಬೇಕಿಲ್ಲ. ಕ್ಷೇತ್ರದ ಹಿರಿಯ ಚಿಂತಕ ಡೇವಿಡ್ ವೈಲಿ ಆ ‘ಏನೇನು’ಗಳನ್ನು ಐದು ಕ್ರಿಯೆಗಳಾಗಿ ಹೇಳುತ್ತಾರೆ: ಪ್ರತಿಯನ್ನು ತನ್ನ ಬಳಿ ಇಟ್ಟುಕೊಳ್ಳುವುದು, ಬೇಕಾದೆಡೆ ಬಳಸುವುದು, ತಿದ್ದುವುದು, ಇನ್ನೊಂದರೊಡನೆ ಬೆರೆಸುವುದು, ಹಂಚುವುದು. ಇವುಗಳಲ್ಲಿ ಇಟ್ಟುಕೊಳ್ಳುವುದು ಪಟ್ಟಿಗೆ ಸೇರಿದ್ದು ಕೊನೆಯಲ್ಲಿ, 2014ರಲ್ಲಿ. ಮುದ್ರಿತ ಪುಸ್ತಕದ ಕಾಲದಲ್ಲಿ ಅದನ್ನು ಬೇರೆಯಾಗಿ ಹೇಳುವ ಅಗತ್ಯವೇ ಇರಲಿಲ್ಲ. ಕೈಗೆ ಬಂದ ಪುಸ್ತಕ ಕಪಾಟಿನಲ್ಲಿ ಉಳಿಯುತ್ತಿತ್ತು. ಓದುವ ಅವಕಾಶವನ್ನಷ್ಟೇ ಕೊಟ್ಟು ಪ್ರತಿಯನ್ನು ಕೊಡದ ಡಿಜಿಟಲ್ ವ್ಯವಹಾರ ಹಬ್ಬಿದ ಮೇಲೆ ಅದೂ ಒಂದು ಹಕ್ಕೆಂದು ಹೆಸರಿಸಬೇಕಾಯಿತು. ಸಾಂಕ್ರಾಮಿಕದ ದಿನಗಳಲ್ಲಿ ಉಳಿದೆಲ್ಲ ಹಕ್ಕುಗಳು ನಿಂತಿದ್ದು ಇದೊಂದರ ಮೇಲೆ ಎಂದು ನಾನು ಭಾವಿಸುತ್ತೇನೆ.

ಕಾರಣ ಸರಳ. ಮೂರರಿಂದ ಹದಿನೇಳು ವರ್ಷದೊಳಗಿನ ಮಕ್ಕಳಲ್ಲಿ ಮೂರನೇ ಎರಡರಷ್ಟು, ಅಂದರೆ ಸುಮಾರು 130 ಕೋಟಿ ಮಕ್ಕಳ ಮನೆಯಲ್ಲಿ ಅಂತರ್ಜಾಲ ಸಂಪರ್ಕವಿಲ್ಲ ಎಂದು ಯುನಿಸೆಫ್ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟಗಳ ಜಂಟಿ ವರದಿ 2020ರ ಕೊನೆಯಲ್ಲಿ ಅಂದಾಜು ಮಾಡಿತ್ತು. ಸಂಪರ್ಕ ಇದ್ದವರಲ್ಲೂ ಅನೇಕರದು ಅಳತೆ ಮಾಡಿ ಖರ್ಚು ಮಾಡಬೇಕಾದ ಡೇಟಾ. ಒಂದು ಲೆಕ್ಕ ನೋಡಿ. ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ಹರಿಯುವ ವಿಡಿಯೊ ತರಗತಿ ನಲವತ್ತು ನಿಮಿಷಕ್ಕೆ 300 ಮೆಗಾಬೈಟ್ ಡೇಟಾ ಬಳಸುತ್ತದೆ. ಅಷ್ಟೇ ಹೊತ್ತಿನ ಮಾತನ್ನು ಸೆಕೆಂಡಿಗೆ 32 ಕಿಲೊಬಿಟ್ ಗುಣಮಟ್ಟದ ಧ್ವನಿಯಾಗಿ ಉಳಿಸಿದರೆ 10 ಮೆಗಾಬೈಟ್‌ಗೂ ಕಡಿಮೆ. ಅದೇ ಪಾಠವನ್ನು ಐದು ಸಾವಿರ ಪದಗಳ ಕನ್ನಡ ಬರಹವಾಗಿ ಬರೆದರೆ, ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಚಿಹ್ನೆಗೆ ಸಾಮಾನ್ಯವಾಗಿ ಮೂರು ಬೈಟ್ ಹಿಡಿದರೂ, ಮೆಗಾಬೈಟಿನ ಕಾಲುಭಾಗವೂ ತುಂಬುವುದಿಲ್ಲ. ಪಾಠವನ್ನು ಹೀಗೆ ವಿಡಿಯೊದಿಂದ ಧ್ವನಿಗೆ, ಧ್ವನಿಯಿಂದ ಬರಹಕ್ಕೆ ಇಳಿಸುವುದು ತಾಂತ್ರಿಕವಾಗಿ ಕಷ್ಟವಲ್ಲ. ಆದರೆ ಅದು ಕಾನೂನಿನ ದೃಷ್ಟಿಯಲ್ಲಿ ಪ್ರತಿ ಮಾಡುವುದು, ತಿದ್ದುವುದು ಮತ್ತು ಹಂಚುವುದು. ಪರವಾನಗಿ ಇದ್ದ ಸಾಮಗ್ರಿಗೆ ಇದನ್ನು ನಿರಾತಂಕವಾಗಿ ಮಾಡಬಹುದಿತ್ತು. ಉಚಿತವಾಗಿ ತೋರಿಸಿದ್ದಕ್ಕೆ ಮಾಡುವಂತಿರಲಿಲ್ಲ.

ಸಂಪರ್ಕವಿಲ್ಲದ ಕಡೆಗೆ ಪಾಠ ಒಯ್ಯುವ ಪ್ರಯತ್ನ ಸಾಂಕ್ರಾಮಿಕಕ್ಕಿಂತ ಹಳೆಯದು. ಉಚಿತ ವಿಡಿಯೊ ಪಾಠಗಳ ಜಾಲತಾಣವಾದ ಖಾನ್ ಅಕಾಡೆಮಿಯ ಪಾಠಗಳನ್ನು ಅಂತರ್ಜಾಲವಿಲ್ಲದೆಯೂ ನೋಡಬಹುದಾದ ತಂತ್ರಾಂಶವನ್ನು 2012ರಲ್ಲಿ ಕೆಲವರು ರೂಪಿಸಿದರು. ಮುಂದೆ ಅದೇ ತಂಡ ‘ಕೊಲಿಬ್ರಿ’ ಎಂಬ ಹೆಚ್ಚು ವಿಸ್ತಾರವಾದ ವೇದಿಕೆಯನ್ನು ಕಟ್ಟಿತು. ಒಂದು ಸಣ್ಣ ಕಂಪ್ಯೂಟರಿನಲ್ಲಿ ಪಾಠಗಳನ್ನೆಲ್ಲ ತುಂಬಿಟ್ಟರೆ ಸುತ್ತಲಿನ ಫೋನು, ಟ್ಯಾಬ್ಲೆಟ್‌ಗಳು ಸ್ಥಳೀಯ ವೈಫೈ ಮೂಲಕ ಅದನ್ನು ತಲುಪುತ್ತವೆ, ಹೊರಗಿನ ಜಾಲದ ಹಂಗಿಲ್ಲ. ಮೂಲದ ಪಾಠಗಳಿಗೆ ಲಾಭಕ್ಕಲ್ಲದ ಮರುಬಳಕೆಯನ್ನು ಒಪ್ಪುವ ಪರವಾನಗಿ ಇದ್ದುದರಿಂದಲೇ ಇಂಥ ಪೆಟ್ಟಿಗೆ ಸಾಧ್ಯವಾಯಿತು.

ಇಷ್ಟಾದರೂ ಪರವಾನಗಿ ಅರ್ಧ ದಾರಿ ಮಾತ್ರ. ಮನೆಯಿಂದ ಪಾಠ ಮಾಡುತ್ತಿರುವ ವಿಜ್ಞಾನ ಶಿಕ್ಷಕಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ದ್ಯುತಿಸಂಶ್ಲೇಷಣೆಯ ಬಗ್ಗೆ ಒಳ್ಳೆಯ ಮುಕ್ತ ಅಧ್ಯಾಯವೊಂದು ಅವರಿಗೆ ಸಿಕ್ಕಿದೆ. ಕೊನೆಯ ಪುಟದ ತಳದಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಗುರುತಾದ ‘ಸಿಸಿ ಬೈ 4.0’ ಎಂದಿದೆ, ಅಂದರೆ ಮೂಲ ಲೇಖಕರ ಹೆಸರು ಹೇಳಿ, ಪರವಾನಗಿಯನ್ನು ತಿಳಿಸಿ, ಮಾಡಿದ ಬದಲಾವಣೆಯನ್ನು ಸೂಚಿಸಿದರೆ ಏನು ಬೇಕಾದರೂ ಮಾಡಬಹುದು. ಎಲೆಯ ಅಡ್ಡಕೊಯ್ತದ ಚಿತ್ರದಲ್ಲಿನ ಹೆಸರುಗಳನ್ನು ಮಕ್ಕಳ ಭಾಷೆಗೆ ಬದಲಿಸಬೇಕೆಂದು ಅವರು ಕಡತ ತೆರೆಯುತ್ತಾರೆ. ಅದು ಪಿಡಿಎಫ್. ‘ಪತ್ರಹರಿತ್ತು’ ಎಂದು ಬರೆಯಬೇಕಾದ ಜಾಗದಲ್ಲಿರುವ ಇಂಗ್ಲಿಷ್ ಪದ ಚಿತ್ರದೊಳಗೇ ಕರಗಿಹೋಗಿದೆ, ಅಳಿಸಲು ಹೋದರೆ ಎಲೆಯೂ ಅಳಿಯುತ್ತದೆ. ರಾಸಾಯನಿಕ ಸಮೀಕರಣವೂ ಒಂದು ಚಿತ್ರವೇ. ಬರಹವನ್ನು ನಕಲಿಸಿ ಅಂಟಿಸಿದರೆ ಸಾಲುಗಳು ಅರ್ಧಕ್ಕೆ ಮುರಿದು, ಕೋಷ್ಟಕದ ಅಂಕಿಗಳು ಒಂದರ ಕೆಳಗೊಂದು ಉದುರಿ ಬೀಳುತ್ತವೆ. ಒಂದು ಗಂಟೆಯ ಪಾಠಕ್ಕೆ ನಾಲ್ಕು ಗಂಟೆ ರಿಪೇರಿ. ಕಾನೂನು ಕೊಟ್ಟ ಹಕ್ಕನ್ನು ಕಡತದ ಸ್ವರೂಪ ಕಿತ್ತುಕೊಂಡಿದೆ. ತಿದ್ದುವ ಸಾಧನ ಕೈಗೆಟುಕುತ್ತದೆಯೇ, ಅದಕ್ಕೆ ಎಷ್ಟು ಪರಿಣತಿ ಬೇಕು, ಬರಹ ನಿಜವಾಗಿ ತಿದ್ದುವಂಥ ರೂಪದಲ್ಲಿದೆಯೇ, ಮೂಲ ಕಡತವನ್ನೇ ಕೊಟ್ಟಿದ್ದಾರೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಈ ಕ್ಷೇತ್ರದವರು ಬಹಳ ಹಿಂದೆಯೇ ಎತ್ತಿದ್ದರು. ಇಂದಿಗೂ ಮುಕ್ತ ಸಾಮಗ್ರಿಯನ್ನು ಪ್ರಕಟಿಸುವವರು ಮೊದಲು ಮರೆಯುವುದು ಈ ನಾಲ್ಕನ್ನೇ.

ಮುಕ್ತ ಪಠ್ಯಪುಸ್ತಕದಿಂದ ಕಲಿಕೆ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಸಂಶೋಧನೆ ಕೊಟ್ಟ ಉತ್ತರವನ್ನು ತುಸು ನಿಧಾನವಾಗಿ ಓದಬೇಕು. 2019ರಲ್ಲಿ ವರ್ಜೀನಿಯಾ ಕ್ಲಿಂಟನ್ ಮತ್ತು ಶಫೀಕ್ ಖಾನ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗ, ದುಬಾರಿ ಪುಸ್ತಕ ಬಳಸಿದವರಿಗೂ ಮುಕ್ತ ಪುಸ್ತಕ ಬಳಸಿದವರಿಗೂ ಅಂಕಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಮುಕ್ತ ಪುಸ್ತಕದ ತರಗತಿಗಳಲ್ಲಿ ಕೋರ್ಸನ್ನು ನಡುವೆಯೇ ಬಿಟ್ಟುಹೋದವರ ಪ್ರಮಾಣ ಕಡಿಮೆಯಿತ್ತು. ಅಂಕ ಏರಲಿಲ್ಲವಲ್ಲ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಅವರು ಸರಾಸರಿಯ ಸ್ವಭಾವವನ್ನು ಗಮನಿಸುವುದಿಲ್ಲ. ನೂರು ಮಂದಿಯ ತರಗತಿಯಲ್ಲಿ ಎಂಬತ್ತು ಮಂದಿ ದುಬಾರಿ ಪುಸ್ತಕವನ್ನು ಹೇಗೂ ಕೊಳ್ಳುತ್ತಿದ್ದರು ಎಂದುಕೊಳ್ಳೋಣ. ಮುಕ್ತ ಪುಸ್ತಕ ಬಂದಾಗ ಅವರ ಓದಿನಲ್ಲಿ ಬದಲಾವಣೆ ಏನೂ ಇಲ್ಲ. ಉಳಿದ ಇಪ್ಪತ್ತು ಮಂದಿ ಮೊದಲು ಪುಸ್ತಕವಿಲ್ಲದೆ ಓದುತ್ತಿದ್ದವರು, ಈಗ ತಲಾ ಐದು ಅಂಕ ಹೆಚ್ಚು ಪಡೆದರು. ಇಡೀ ತರಗತಿಯ ಸರಾಸರಿ ಏರುವುದು ಒಂದೇ ಒಂದು ಅಂಕ, ಅದೂ ಪರೀಕ್ಷೆಯಿಂದ ಪರೀಕ್ಷೆಗೆ ಆಗುವ ಸಹಜ ಏರಿಳಿತದಲ್ಲಿ ಮುಳುಗಿಹೋಗುತ್ತದೆ. ಲಾಭ ಪಡೆದವರು ಯಾರೆಂದು ಮೊದಲೇ ಬೇರ್ಪಡಿಸಿ ನೋಡದಿದ್ದರೆ ಅವರು ಲೆಕ್ಕದಲ್ಲಿ ಕಾಣುವುದೇ ಇಲ್ಲ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ 21 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕುರಿತ 2018ರ ಅಧ್ಯಯನ ಹೀಗೆ ಬೇರ್ಪಡಿಸಿ ನೋಡಿತು. ಕಡಿಮೆ ಆದಾಯದ ಕುಟುಂಬದವರಿಗೆ ಸಿಗುವ ಸರ್ಕಾರಿ ನೆರವನ್ನು ಪಡೆಯುತ್ತಿದ್ದ ವಿದ್ಯಾರ್ಥಿಗಳಲ್ಲಿ ಸುಧಾರಣೆ ಹೆಚ್ಚು ಇತ್ತು. ಶಿಕ್ಷಕರ ಉತ್ಸಾಹದ ಪ್ರಭಾವವನ್ನು ಇಂಥ ಅಧ್ಯಯನಗಳು ಪೂರ್ತಿಯಾಗಿ ಕಳೆಯಲಾರವು ಎಂಬ ಆಕ್ಷೇಪ ನ್ಯಾಯವಾದದ್ದೇ. ಮುಕ್ತ ಪುಸ್ತಕವನ್ನು ಆರಿಸಿಕೊಳ್ಳುವ ಶಿಕ್ಷಕರು ಪಾಠವನ್ನೂ ಹೊಸದಾಗಿ ಕಟ್ಟಿಕೊಂಡಿರುತ್ತಾರೆ.

ಸಾಂಕ್ರಾಮಿಕದ ನಂತರದ ಸಂಶೋಧನೆಗೂ ಇದೇ ಎಚ್ಚರ ಬೇಕು. 15 ದೇಶಗಳ 42 ಅಧ್ಯಯನಗಳನ್ನು ಒಗ್ಗೂಡಿಸಿದ 2023ರ ವಿಶ್ಲೇಷಣೆಯೊಂದು, ಶಾಲಾಮಕ್ಕಳು ಕಳೆದುಕೊಂಡ ಕಲಿಕೆ ಒಂದು ಶೈಕ್ಷಣಿಕ ವರ್ಷದಲ್ಲಿ ಸಾಮಾನ್ಯವಾಗಿ ಆಗುವ ಕಲಿಕೆಯ ಸುಮಾರು ಶೇ. 35ರಷ್ಟು ಎಂದು ಅಂದಾಜಿಸಿತು. ಬಡ ಕುಟುಂಬದ ಮಕ್ಕಳ ನಷ್ಟ ಇನ್ನೂ ಹೆಚ್ಚು. ಇದನ್ನು ಮುಂದಿಟ್ಟು ಆನ್‌ಲೈನ್ ಶಿಕ್ಷಣವೇ ವ್ಯರ್ಥ ಎನ್ನುವುದು ಆತುರದ ಮಾತು. ಆಗ ನಡೆದದ್ದಕ್ಕೆ ‘ತುರ್ತು ದೂರಬೋಧನೆ’ ಎಂಬ ಬೇರೆ ಹೆಸರನ್ನು ತಜ್ಞರು 2020ರ ಮಾರ್ಚ್‌ನಲ್ಲೇ ಸೂಚಿಸಿದ್ದರು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1969ರಿಂದ ಕಟ್ಟುತ್ತ ಬಂದ ದೂರಶಿಕ್ಷಣದಲ್ಲಿ ಒಂದೊಂದು ಕೋರ್ಸಿನ ಹಿಂದೆ ದೀರ್ಘ ತಯಾರಿ ಇರುತ್ತದೆ. ರಾತ್ರೋರಾತ್ರಿ ಕ್ಯಾಮೆರಾ ಮುಂದೆ ಕೂರಿಸಲ್ಪಟ್ಟ ಶಿಕ್ಷಕರ ಪಾಠವನ್ನು ಅದರೊಡನೆ ಹೋಲಿಸುವುದು ಆ ಶಿಕ್ಷಕರಿಗೂ ಮಾಡುವ ಅನ್ಯಾಯ.

ಮುಕ್ತ ಎಂಬ ಪದದ ದುರ್ಬಳಕೆಯ ಇನ್ನೊಂದು ಕಥೆ ಬೃಹತ್ ಆನ್‌ಲೈನ್ ಕೋರ್ಸುಗಳದು. ಅಲ್ಲಿ ಪ್ರವೇಶ ಮಾತ್ರ ಮುಕ್ತವಾಗಿತ್ತು. ಸಾಮಗ್ರಿಯನ್ನು ತಿದ್ದಿ ಹಂಚುವ ಅನುಮತಿ ಹೆಚ್ಚಿನವುಗಳಲ್ಲಿ ಇರಲಿಲ್ಲ. ಎಂಐಟಿ ಮತ್ತು ಹಾರ್ವರ್ಡ್‌ಗಳ ಇಂಥ ಕೋರ್ಸುಗಳಿಗೆ ಸೇರಿದವರಲ್ಲಿ 2017–18ರಲ್ಲಿ ಪೂರ್ಣಗೊಳಿಸಿದವರು ಶೇ. 3.13 ಎಂದು ಒಂದು ಅಧ್ಯಯನ ತೋರಿಸಿತು. ಅವೆರಡು ಸೇರಿ ಕಟ್ಟಿದ ಲಾಭರಹಿತ ವೇದಿಕೆ ಎಡ್‌ಎಕ್ಸ್ 2021ರಲ್ಲಿ 80 ಕೋಟಿ ಡಾಲರಿಗೆ ಒಂದು ಖಾಸಗಿ ಕಂಪನಿಗೆ ಮಾರಾಟವಾಯಿತು. ಕೊಂಡ ಕಂಪನಿ 2024ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಪ್ರತಿಗಳು ಹಲವು ಕಡೆ ಇರುವ ಪುಸ್ತಕಕ್ಕೆ ಇಂಥ ಅಪಾಯ ಬರುವುದಿಲ್ಲ.

ಶುಲ್ಕವಿಲ್ಲದ ವೇದಿಕೆಗಳು ಕೇಳಿದ ಬೆಲೆ ಬೇರೆ ರೂಪದಲ್ಲಿಯೂ ಇತ್ತು. ಸಾಂಕ್ರಾಮಿಕದ ಕಾಲದಲ್ಲಿ 49 ಸರ್ಕಾರಗಳು ಶಿಫಾರಸು ಮಾಡಿದ 160ಕ್ಕೂ ಹೆಚ್ಚು ಶೈಕ್ಷಣಿಕ ತಂತ್ರಾಂಶಗಳನ್ನು ಮಾನವ ಹಕ್ಕುಗಳ ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್ ಪರಿಶೀಲಿಸಿ, ಅವುಗಳಲ್ಲಿ ಸುಮಾರು ಶೇ. 89ರಷ್ಟು ಮಕ್ಕಳ ಹಕ್ಕುಗಳಿಗೆ ಧಕ್ಕೆ ತರುವ ಅಥವಾ ತರಬಹುದಾದ ರೀತಿಯಲ್ಲಿ ಮಾಹಿತಿಯನ್ನು ನಿರ್ವಹಿಸುತ್ತಿದ್ದವೆಂದು 2022ರಲ್ಲಿ ವರದಿ ಮಾಡಿತು. ಇಳಿಸಿಕೊಂಡು ಓದುವ ಪಾಠಕ್ಕೆ ಓದುತ್ತಿರುವವರು ಯಾರೆಂದು ತಿಳಿಯಬೇಕಿಲ್ಲ. ಗೋಪ್ಯತೆಯ ದೃಷ್ಟಿಯಿಂದಲೂ ಇಟ್ಟುಕೊಳ್ಳುವ ಹಕ್ಕು ಎಷ್ಟು ದೊಡ್ಡದೆಂಬುದು ಇಲ್ಲಿ ಕಾಣುತ್ತದೆ.

ಈಚಿನ ಬರವಣಿಗೆಯಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ನ್ಯಾಯದ ಪ್ರಶ್ನೆ. ರಾಜಕೀಯ ಚಿಂತಕಿ ನ್ಯಾನ್ಸಿ ಫ್ರೇಸರ್ ಅವರ ವಿಚಾರಗಳನ್ನು ಆಧರಿಸಿ ಸಂಶೋಧಕರಾದ ಶೆರಿಲ್ ಹಾಜ್‌ಕಿನ್‌ಸನ್-ವಿಲಿಯಮ್ಸ್ ಮತ್ತು ಹೆನ್ರಿ ಟ್ರಾಟರ್ 2018ರಲ್ಲಿ ಮೂರು ಪದರಗಳನ್ನು ಗುರುತಿಸಿದರು: ಪುಸ್ತಕ ಕೊಳ್ಳಲಾಗದ ಆರ್ಥಿಕ ಅನ್ಯಾಯ, ತನ್ನ ಭಾಷೆಯೂ ಬದುಕೂ ಪುಸ್ತಕದಲ್ಲಿ ಕಾಣದ ಸಾಂಸ್ಕೃತಿಕ ಅನ್ಯಾಯ, ಏನನ್ನು ಬರೆಯಬೇಕೆಂಬ ತೀರ್ಮಾನದಲ್ಲಿ ತನ್ನ ಮಾತಿಗೆ ಜಾಗವಿಲ್ಲದ ರಾಜಕೀಯ ಅನ್ಯಾಯ. ಬೆಲೆ ಸೊನ್ನೆಯಾದರೆ ಮೊದಲನೆಯದು ಕರಗುತ್ತದೆ. ಎರಡನೆಯದಕ್ಕೆ ತಿದ್ದಬೇಕು, ಅನುವಾದಿಸಬೇಕು, ಹೊಸ ಉದಾಹರಣೆ ಸೇರಿಸಬೇಕು. ಮೂರನೆಯದಕ್ಕೆ ಆ ತಿದ್ದುಪಡಿ ಮೂಲದವರೆಗೆ ತಲುಪಿ, ಅಲ್ಲಿ ಅದಕ್ಕೆ ಬೆಲೆ ಸಿಗಬೇಕು.

ಆ ದಾರಿ ಇನ್ನೂ ಕಿರಿದು. ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿ ನಡೆದ ಅಧ್ಯಯನಗಳು ಶಿಕ್ಷಕರು ಮುಕ್ತ ಸಾಮಗ್ರಿಯನ್ನು ಬಹುಮಟ್ಟಿಗೆ ಇದ್ದಹಾಗೇ ಬಳಸುತ್ತಾರೆ, ತಿದ್ದಿದವರೂ ಅದನ್ನು ಮತ್ತೆ ಹಂಚುವುದು ಅಪರೂಪ ಎಂದು ಕಂಡುಕೊಂಡಿವೆ. ಇದನ್ನು ಸೋಮಾರಿತನ ಎನ್ನಲಾಗದು. ತಿದ್ದುವ ಕೆಲಸಕ್ಕೆ ವೇಳಾಪಟ್ಟಿಯಲ್ಲಿ ಒಂದು ಗಂಟೆ ಇಲ್ಲ, ಬಡ್ತಿಯ ಅರ್ಜಿಯಲ್ಲಿ ಒಂದು ಸಾಲಿಲ್ಲ. 2019ರ ನವೆಂಬರ್‌ನಲ್ಲಿ, ಸಾಂಕ್ರಾಮಿಕ ಜಗತ್ತನ್ನು ತಟ್ಟುವ ಸ್ವಲ್ಪ ಮೊದಲು, ಯುನೆಸ್ಕೊ ಅಂಗೀಕರಿಸಿದ ಶಿಫಾರಸು ಐದು ವಿಷಯಗಳ ಬಗ್ಗೆ ದೇಶಗಳಿಂದ ಕ್ರಮ ಕೇಳುತ್ತದೆ. ಶಿಕ್ಷಕರ ಸಾಮರ್ಥ್ಯ ಬೆಳೆಸುವುದೂ ಸಾಮಗ್ರಿ ದೀರ್ಘಕಾಲ ಬಾಳುವಂಥ ಹಣಕಾಸಿನ ಮಾದರಿಗಳೂ ಅದರಲ್ಲಿ ಸೇರಿವೆ. ನನ್ನ ದೃಷ್ಟಿಯಲ್ಲಿ ಹೊಸ ಭಂಡಾರಗಳನ್ನು ಕಟ್ಟುವುದಕ್ಕಿಂತ ಇರುವ ಪಾಠಗಳ ಜೀರ್ಣೋದ್ಧಾರಕ್ಕೆ ಹಣ ಕೊಡುವುದು ಹೆಚ್ಚು ತುರ್ತಿನದು.

ಆ ವಿಜ್ಞಾನ ಶಿಕ್ಷಕಿ ಕೊನೆಗೂ ಎಲೆಯ ಚಿತ್ರವನ್ನು ಕೈಯಾರೆ ಹೊಸದಾಗಿ ಬಿಡಿಸಿ, ಹೆಸರುಗಳನ್ನು ತಮ್ಮ ಭಾಷೆಯಲ್ಲಿ ಬರೆದು, ಫೋಟೊ ತೆಗೆದು ಮಕ್ಕಳಿಗೆ ಕಳುಹಿಸಿದರು ಎಂದಿಟ್ಟುಕೊಳ್ಳೋಣ. ಶಾಲೆ ತೆರೆಯಿತು, ಚಿತ್ರ ಅವರ ಫೋನಿನಲ್ಲೇ ಉಳಿಯಿತು. ಅದೇ ಭಾಷೆಯಲ್ಲಿ ಅದೇ ಪಾಠ ಮಾಡುವ ಇನ್ನೊಬ್ಬ ಶಿಕ್ಷಕರು ಮುಂದಿನ ವರ್ಷ ಆ ಪಿಡಿಎಫ್ ತೆರೆದಾಗ ಅವರಿಗೆ ಸಿಗುವುದು ಇಂಗ್ಲಿಷ್ ಹೆಸರುಗಳಿರುವ ಹಳೆಯ ಎಲೆಯೇ.